ಹ್ಯಾಂಡ್‌ಹೆಲ್ಡ್ ಕಂಪ್ಯೂಟರ್: ದಪ್ಪ ಟೈಪ್-ಸಿ ಕೇಬಲ್ ಹಾಕಿದರೆ ಚಾರ್ಜ್ ಆಗುತ್ತಿಲ್ಲ, ಎರಡನೇ ಬೋರ್ಡಿಗೆ ಯಾವ ಪೋರ್ಟ್ ಇಡಲಿ?

ಮಲೆನಾಡು_ಲಿಂಕ್:

ನಮಸ್ಕಾರ ಎಲ್ಲರಿಗೂ. ಶಿವಮೊಗ್ಗ ಕಡೆ ಇಂಟರ್ನೆಟ್ ಲೈನ್ ಎಳೆಯುವುದು, ರೂಟರ್ ಸ್ವಿಚ್ ಸೆಟ್ ಮಾಡುವುದು ನನ್ನ ಕೆಲಸ. ಕಂಬದ ಬುಡದಲ್ಲೋ ಅಂಗಡಿಯ ಅಟ್ಟದ ಮೇಲೋ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂರುವುದು ಕಷ್ಟ. ಅದಕ್ಕೆ ಕೈಯಲ್ಲಿ ಹಿಡಿಯುವಂಥ ಒಂದು ಲಿನಕ್ಸ್ ಯಂತ್ರ ಮಾಡುತ್ತಿದ್ದೇನೆ. ಒಳಗೆ ರಾಸ್ಪ್‌ಬೆರಿ ಪೈ ಸಿಎಂ4 (ಬೇರೆ ಬೋರ್ಡಿನ ಮೇಲೆ ಕೂರಿಸುವ ಪುಟ್ಟ ಕಂಪ್ಯೂಟರ್ ಮಾಡ್ಯೂಲ್), 5 ಇಂಚಿನ ಡಿಎಸ್‌ಐ ಪರದೆ, ಸಣ್ಣ ಕೀಬೋರ್ಡ್, ಒಂದೇ ಸೆಲ್ಲಿನ ಲಿಥಿಯಂ ಬ್ಯಾಟರಿ, ಅದರಿಂದ 5 ವೋಲ್ಟಿಗೆ ಏರಿಸುವ ಬೂಸ್ಟ್ ಕನ್ವರ್ಟರ್.

ಮೊದಲ ಬೋರ್ಡ್ ಬಂದಿದೆ, ಬೂಟ್ ಆಗುತ್ತದೆ. ತೊಂದರೆ ಹೀಗಿದೆ. ಟೈಪ್-ಎ ಇಂದ ಟೈಪ್-ಸಿ ಕೇಬಲ್‌ನಲ್ಲಿ ಚಾರ್ಜ್ ಆಗುತ್ತದೆ. ಫೋನ್ ಜೊತೆ ಬಂದ ತೆಳ್ಳಗಿನ ಸಿ-ಟು-ಸಿ ಕೇಬಲ್‌ನಲ್ಲೂ ಆಗುತ್ತದೆ. ಲ್ಯಾಪ್‌ಟಾಪ್ ಚಾರ್ಜರ್‌ನ ದಪ್ಪ ಕೇಬಲ್ ಹಾಕಿದರೆ ಮಾತ್ರ ಏನೂ ಇಲ್ಲ, ವಿಬಸ್‌ನಲ್ಲಿ (ಚಾರ್ಜರ್‌ನ ಕರೆಂಟು ಬರುವ ಪಿನ್ನಿನಲ್ಲಿ) ಸೊನ್ನೆ. ಪ್ಲಗ್ ತಿರುಗಿಸಿ ಹಾಕಿದರೂ ಅಷ್ಟೇ. ಅದೇ ಕೇಬಲ್ ಲ್ಯಾಪ್‌ಟಾಪನ್ನು ಚೆನ್ನಾಗೇ ಚಾರ್ಜ್ ಮಾಡುತ್ತದೆ. ಪಿಡಿ ಚಿಪ್ (ಚಾರ್ಜರ್ ಜೊತೆ ಮಾತಾಡಿ ಬೇಕಾದ ವೋಲ್ಟೇಜ್ ಕೇಳುವ ಚಿಪ್) ಹಾಕಲೇಬೇಕಾ?

ಇನ್ನೊಂದು, ಯುಎಸ್‌ಬಿ-ಎ ಪೋರ್ಟಿಗೆ ಪೆನ್‌ಡ್ರೈವ್ ಚುಚ್ಚಿದ ತಕ್ಷಣ ಒಮ್ಮೊಮ್ಮೆ ಇಡೀ ಯಂತ್ರ ರೀಬೂಟ್ ಆಗುತ್ತದೆ.

ಹೇಗೂ ಎರಡನೇ ಬೋರ್ಡ್ ಮಾಡಿಸಬೇಕು. ಸದ್ಯ ಇರುವ ಪೋರ್ಟುಗಳು: ಚಾರ್ಜಿಂಗ್‌ಗೆ ಟೈಪ್-ಸಿ, ಒಂದು ಯುಎಸ್‌ಬಿ-ಎ, ಆರ್‌ಜೆ45 (ನೆಟ್‌ವರ್ಕ್ ಕೇಬಲ್ ಜ್ಯಾಕ್), ಮೈಕ್ರೋ ಎಚ್‌ಡಿಎಂಐ, 3.5 ಎಂಎಂ ಹೆಡ್‌ಫೋನ್ ಜ್ಯಾಕ್. ಯಾವುದು ಇರಲಿ, ಯಾವುದು ಹೋಗಲಿ?

ಬೆಸುಗೆ_ಭಟ್ಟ:

ಪಿಡಿ ಚಿಪ್ ವಿಷಯ ಆಮೇಲೆ. ಮೊದಲು ಎಲ್ಲ ಕೇಬಲ್ ತೆಗೆದು, ಬ್ಯಾಟರಿಯನ್ನೂ ಬಿಡಿಸಿ, ಮಲ್ಟಿಮೀಟರ್ ಇಟ್ಟು ಮೂರು ಅಳತೆ ಹೇಳಿ. ಸಿಸಿ1 ಇಂದ ಗ್ರೌಂಡಿಗೆ, ಸಿಸಿ2 ಇಂದ ಗ್ರೌಂಡಿಗೆ, ಸಿಸಿ1 ಇಂದ ಸಿಸಿ2ಕ್ಕೆ. ಸಿಸಿ ಅಂದರೆ ಆ ಕಡೆ ಏನು ಚುಚ್ಚಿದೆ ಅಂತ ಗುರುತಿಸುವ ಪಿನ್ನು. ಕನೆಕ್ಟರ್‌ನಲ್ಲಿ ಅವು ಎ5 ಮತ್ತು ಬಿ5 ಪಿನ್ನುಗಳು.

ಮಲೆನಾಡು_ಲಿಂಕ್:

ಎರಡರಿಂದಲೂ ಗ್ರೌಂಡಿಗೆ 5.1ಕೆ (ಕಿಲೋಓಮ್). ಎರಡರ ನಡುವೆ ಸೊನ್ನೆ, ಮೀಟರ್ ಬೀಪ್ ಅನ್ನುತ್ತದೆ. ನೆಟ್‌ನಲ್ಲಿ ಸಿಕ್ಕ ಒಂದು ಹಳೆಯ ಸ್ಕೀಮ್ಯಾಟಿಕ್‌ನಲ್ಲಿ (ಸರ್ಕ್ಯೂಟ್ ನಕ್ಷೆಯಲ್ಲಿ) ಎರಡನ್ನೂ ಸೇರಿಸಿ ಒಂದೇ ರೆಸಿಸ್ಟರ್ ಇತ್ತು, ಅದನ್ನೇ ಇಟ್ಟಿದ್ದೆ.

ಬೆಸುಗೆ_ಭಟ್ಟ:

ಸಿಕ್ಕಿತು ನೋಡಿ. 2019ರಲ್ಲಿ ರಾಸ್ಪ್‌ಬೆರಿ ಪೈ 4ರ ಮೊದಲ ಬೋರ್ಡುಗಳಲ್ಲೂ ಇದೇ ಆಗಿತ್ತು. ಅವರೂ ಎರಡು ಸಿಸಿ ಪಿನ್ನಿಗೆ ಒಂದೇ 5.1ಕೆ ಹಾಕಿದ್ದರು, ಮುಂದಿನ ಬೋರ್ಡಿನಲ್ಲಿ ಸರಿ ಮಾಡಿದರು.

ಆಗುವುದು ಇಷ್ಟು. ಟೈಪ್-ಸಿ ಚಾರ್ಜರ್ ಸುಮ್ನೆ 5 ವೋಲ್ಟ್ ಕೊಡುವುದಿಲ್ಲ. ಸಿಸಿ ಲೈನಿನಲ್ಲಿ ಆ ಕಡೆ 5.1ಕೆ ಕಂಡರೆ ಮಾತ್ರ ವಿಬಸ್ ಆನ್ ಮಾಡುತ್ತದೆ. ಎ-ಟು-ಸಿ ಕೇಬಲ್‌ಗೆ ಈ ತಕರಾರಿಲ್ಲ, ಎ ಕಡೆ ಯಾವಾಗಲೂ 5 ವೋಲ್ಟ್ ಇದ್ದೇ ಇರುತ್ತದೆ. ಸಿ-ಟು-ಸಿ ಕೇಬಲ್ ಒಳಗೆ ಸಿಸಿ ತಂತಿ ಒಂದೇ. ಪ್ಲಗ್‌ನ ಇನ್ನೊಂದು ಸಿಸಿ ಪಿನ್ ತೆಳ್ಳಗಿನ ಕೇಬಲ್‌ನಲ್ಲಿ ಖಾಲಿ. ಆದರೆ 3 ಆಂಪಿಯರ್‌ಗಿಂತ ಜಾಸ್ತಿ ಹೊರುವ ಕೇಬಲ್‌ನಲ್ಲಿ ಇ-ಮಾರ್ಕರ್ ಅನ್ನೋ ಸಣ್ಣ ಚಿಪ್ ಇರಬೇಕು ಅಂತ ನಿಯಮ. ಆ ಚಿಪ್ಪಿನ ಕಡೆಯಿಂದ ಆ ಇನ್ನೊಂದು ಪಿನ್ನಿಗೂ ಗ್ರೌಂಡಿಗೂ ನಡುವೆ ಸುಮಾರು 1ಕೆ ಕೂತಿರುತ್ತದೆ.

ನಿಮ್ಮ ಬೋರ್ಡಿನಲ್ಲಿ ಎರಡೂ ಸಿಸಿ ಒಂದೇ ಆಗಿರುವುದರಿಂದ ಆ 1ಕೆ ಬಂದು ನಿಮ್ಮ 5.1ಕೆಗೆ ಪ್ಯಾರಲಲ್ ಆಗುತ್ತದೆ. ಲೆಕ್ಕ ಹಾಕಿ, ಸುಮಾರು 0.84ಕೆ. ಚಾರ್ಜರ್‌ಗೆ ಇದು ಚಾರ್ಜ್ ಬೇಕಾದ ಸಾಧನದಂತೆ ಕಾಣುವುದೇ ಇಲ್ಲ, ಹೆಡ್‌ಫೋನ್ ಅಡಾಪ್ಟರ್ ತರಹ ಕಾಣುತ್ತದೆ. ಹೆಡ್‌ಫೋನಿಗೆ ಯಾಕೆ ಕರೆಂಟು ಅಂತ ಸುಮ್ಮನಿರುತ್ತದೆ. ಕೇಬಲ್ ಒಂದು ಕಡೆ ಹಾಕಿದಾಗ ಕೆಲಸ ಮಾಡಿ, ತಿರುಗಿಸಿದಾಗ ನಿಂತರೆ ಅದು ಬೇರೆ ರೋಗ, ಒಂದು ಸಿಸಿಯ ರೆಸಿಸ್ಟರ್ ಕೂತಿಲ್ಲ ಅಂತ ಅರ್ಥ. ನಿಮ್ಮದು ಹಾಗಲ್ಲ.

ಈ ಬೋರ್ಡನ್ನೇ ಉಳಿಸಿಕೊಳ್ಳಬಹುದು. 16 ಪಿನ್ ಕನೆಕ್ಟರ್ ಅಲ್ವಾ? ಅದರಲ್ಲಿ ಎ5, ಬಿ5 ಅಕ್ಕಪಕ್ಕ ಇರುವುದಿಲ್ಲ, ನಡುವೆ ಡೇಟಾ ಪಿನ್ನುಗಳಿವೆ. ಹಾಗಾಗಿ ಅವೆರಡನ್ನು ಸೇರಿಸುವ ಟ್ರೇಸ್ (ತಾಮ್ರದ ಗೆರೆ) ಎಲ್ಲಾದರೂ ಹೊರಗೆ ಸುತ್ತಿ ಬಂದೇ ಇರುತ್ತದೆ. ಪಿನ್ನುಗಳ ಅಂತರ ಅರ್ಧ ಎಂಎಂ, ಕನೆಕ್ಟರ್ ಹತ್ತಿರ ಕೈ ಹಾಕಬೇಡಿ. ಆ ಸುತ್ತಿನಲ್ಲಿ ಅಗಲವಾದ ಜಾಗ ಹುಡುಕಿ ಬ್ಲೇಡಿನ ತುದಿಯಿಂದ ಟ್ರೇಸ್ ಕತ್ತರಿಸಿ. ಬಿ5 ಕಡೆ ಉಳಿದ ತುಂಡಿನ ಮೇಲೆ ಹಸಿರು ಪದರವನ್ನು ಮೆಲ್ಲಗೆ ಕೆರೆದರೆ ತಾಮ್ರ ಹೊಳೆಯುತ್ತದೆ. ಪಕ್ಕದ ಗ್ರೌಂಡ್ ಪೋರ್‌ನಲ್ಲೂ (ಗ್ರೌಂಡಿನ ಅಗಲವಾದ ತಾಮ್ರದ ಹಾಸಿನಲ್ಲೂ) ಅಷ್ಟೇ ಕೆರೆಯಿರಿ. ಎರಡಕ್ಕೂ ಸ್ವಲ್ಪ ಲೆಡ್ ಹಚ್ಚಿ, 0603 ಸೈಜಿನ 5.1ಕೆ ರೆಸಿಸ್ಟರ್ ಒಂದನ್ನು ಅಡ್ಡ ಕೂರಿಸಿ. ಆಮೇಲೆ ಮತ್ತೆ ಅಳೆಯಿರಿ. ಸಿಸಿ1 ಇಂದ ಸಿಸಿ2ಕ್ಕೆ ಈಗ 10.2ಕೆ ಬರಬೇಕು. ಬಂದರೆ ಎರಡೂ ಬೇರೆ ಬೇರೆ ಆಗಿವೆ ಅಂತ.

ಪಿಡಿ ಚಿಪ್ ಬೇಡ. ನಿಮಗೆ ಬೇಕಿರುವುದು 5 ವೋಲ್ಟ್. ಚಾರ್ಜರ್ ಹಾಕಿ ಸಿಸಿ ಮೇಲೆ ವೋಲ್ಟೇಜ್ ನೋಡಿ. 1.7ರ ಹತ್ತಿರ ಇದ್ದರೆ ಚಾರ್ಜರ್ 3 ಆಂಪಿಯರ್ ಕೊಡಲು ತಯಾರು, 0.9 ಇದ್ದರೆ 1.5 ಆಂಪಿಯರ್, 0.4 ಇದ್ದರೆ ಮಾಮೂಲಿ ಯುಎಸ್‌ಬಿ ಕರೆಂಟು.

ಮಲೆನಾಡು_ಲಿಂಕ್:

ಭಟ್ಟರೇ, ಆಯಿತು! 10.2ಕೆ ತೋರಿಸಿತು, ದಪ್ಪ ಕೇಬಲ್‌ನಲ್ಲಿ ಚಾರ್ಜ್ ಆಗುತ್ತಿದೆ. ಸಿಸಿ ಮೇಲೆ 1.68 ವೋಲ್ಟ್. ಟ್ರೇಸ್ ಕತ್ತರಿಸುವಾಗ ಕೈ ನಡುಗುತ್ತಿತ್ತು ಅಷ್ಟೇ.

ಕೋರಮಂಗಲ_ಕಿಟ್ಟಿ:

ಗುರು, ಎರಡನೇ ಬೋರ್ಡಿಗೆ ನನ್ನ ಸಲಹೆ: ಎ ಪೋರ್ಟ್, ಎಚ್‌ಡಿಎಂಐ, ಜ್ಯಾಕ್ ಎಲ್ಲ ಕಿತ್ತು ಹಾಕಿ, ಒಂದೇ ಟೈಪ್-ಸಿ ಇಡಿ. ಚಾರ್ಜಿಂಗೂ ಅದರಲ್ಲೇ, ಡೇಟಾನೂ ಅದರಲ್ಲೇ. ಬೇಕಾದವರು ಹಬ್ ಹಾಕಿಕೊಳ್ಳಲಿ. ಈಗೆಲ್ಲ ಅದೇ ಅಲ್ವಾ? ಯುರೋಪಿನಲ್ಲಿ 2024ರ ಡಿಸೆಂಬರ್ 28ರಿಂದ ಫೋನು, ಟ್ಯಾಬು, ಕೈಯಲ್ಲಿ ಹಿಡಿಯುವ ಗೇಮ್ ಕನ್ಸೋಲಿಗೂ ಸಿ ಪೋರ್ಟ್ ಕಡ್ಡಾಯ ಮಾಡಿದ್ದಾರೆ.

ಪಿಸಿಬಿ_ಪದ್ಮ:

ಕಿಟ್ಟಿ ಅವರೇ, ಅದು ಚಾರ್ಜಿಂಗ್ ಬಗ್ಗೆ ಇರುವ ನಿಯಮ. ಡೇಟಾ ಬೇರೆ ಕಥೆ. ಈ ಬೋರ್ಡಿನ ಸಿ ಪೋರ್ಟಿನಲ್ಲಿ ಎರಡು 5.1ಕೆ ಇದೆ ಅಂದರೆ ಅದು ಕರೆಂಟು ತೆಗೆದುಕೊಳ್ಳುವ ಕಡೆ. ಸಿ ಪೋರ್ಟಿಗೆ ಪೆನ್‌ಡ್ರೈವ್ ಹಾಕಲು ಸಿಗುವ ಓಟಿಜಿ ಅಡಾಪ್ಟರ್ ಒಳಗೂ 5.1ಕೆನೇ ಇರುತ್ತದೆ. ಇಬ್ಬರೂ ಕೈ ಚಾಚಿ ನಿಂತರೆ ಕೊಡುವವರು ಯಾರು? ಎರಡೂ ಪಾತ್ರ ಬೇಕಾದರೆ ಎಫ್‌ಯುಎಸ್‌ಬಿ302 ತರಹದ ಸಿಸಿ ಕಂಟ್ರೋಲರ್, ವಿಬಸ್‌ಗೆ ಎರಡೂ ದಿಕ್ಕಿನ ಸ್ವಿಚ್, ಅದಕ್ಕೆ ಸಾಫ್ಟ್‌ವೇರು. ಬೇಡ ಅಂತ ವಿಬಸ್ಸನ್ನು ಸದಾ ಆನ್ ಇಟ್ಟರೆ ನಿಮ್ಮ ಬೂಸ್ಟ್ ಕನ್ವರ್ಟರೂ ಗೋಡೆಯ ಚಾರ್ಜರೂ ಮುಖಾಮುಖಿ ಆಗುತ್ತವೆ. ಇಷ್ಟೆಲ್ಲ ಮಾಡಿ ಆ ಮನುಷ್ಯ ಅಟ್ಟದ ಮೇಲೆ ಕೂತು ಹಬ್ ನೇತಾಡಿಸಿಕೊಂಡು ಕೆಲಸ ಮಾಡಬೇಕಾ?

ಮಲೆನಾಡು_ಲಿಂಕ್ ಅವರೇ, ದಿನಾ ಏನೇನು ಚುಚ್ಚುತ್ತೀರಿ ಅಂತ ಹೇಳಿ. ಅದರಿಂದ ಶುರು ಮಾಡೋಣ.

ಮಲೆನಾಡು_ಲಿಂಕ್:

ಮೇಡಂ, ಜಾಸ್ತಿ ಅಂದರೆ ನೆಟ್‌ವರ್ಕ್ ಕೇಬಲ್. ಆಮೇಲೆ ಸ್ವಿಚ್‌ನ ಕನ್ಸೋಲ್ ಪೋರ್ಟಿಗೆ ಹಾಕುವ ಯುಎಸ್‌ಬಿ ಸೀರಿಯಲ್ ಕೇಬಲ್. ಯಾವಾಗಲಾದರೂ ಫರ್ಮ್‌ವೇರ್‌ಗೆ ಪೆನ್‌ಡ್ರೈವ್. ಎಚ್‌ಡಿಎಂಐ ಇನ್ನೂ ಉಪಯೋಗಿಸಿಲ್ಲ. ಪರದೆ ಕೆಟ್ಟರೆ ಇರಲಿ ಅಂತ ಇಟ್ಟಿದ್ದು. ಹೆಡ್‌ಫೋನೂ ಹಾಗೇ.

ಪಿಸಿಬಿ_ಪದ್ಮ:

ಹಾಗಾದರೆ ಉತ್ತರ ನೀವೇ ಹೇಳಿದಿರಿ. "ಇರಲಿ ಅಂತ" ಇಟ್ಟ ಪೋರ್ಟೇ ಮೊದಲು ಹೋಗಬೇಕು.

ಎಚ್‌ಡಿಎಂಐ ತೆಗೆಯಿರಿ. ಮೈಕ್ರೋ ಎಚ್‌ಡಿಎಂಐನಲ್ಲಿ ದೊಡ್ಡದರಲ್ಲಿರುವ 19 ಪಿನ್ನೂ ಇವೆ, ಪ್ಲಗ್ ಅಗಲ ಮಾತ್ರ ಸುಮಾರು 6 ಎಂಎಂ. ಕೈಯಲ್ಲಿ ಹಿಡಿದ ಯಂತ್ರಕ್ಕೆ ಗಟ್ಟಿ ಎಚ್‌ಡಿಎಂಐ ಕೇಬಲ್ ಜೋತುಬಿದ್ದರೆ ಆ ಪುಟ್ಟ ಕನೆಕ್ಟರ್ ಪ್ಯಾಡ್ ಸಮೇತ ಎದ್ದು ಬರುತ್ತದೆ. ಪರದೆ ಕೆಟ್ಟಾಗ ಒಳಗೆ ಇಣುಕಬೇಕು ಅಷ್ಟೇ ತಾನೇ? ಸಿಎಂ4ನ ಸೀರಿಯಲ್ ಲೈನುಗಳಾದ ಜಿಪಿಐಒ 14, 15 ಮತ್ತು ಗ್ರೌಂಡ್, ಮೂರು ಪಿನ್ನಿನ ಸೀರಿಯಲ್ ಹೆಡರ್ ಬೋರ್ಡಿನ ಒಳಗೇ ಇಡಿ. 3.3 ವೋಲ್ಟ್ ಅನ್ನುವುದನ್ನು ಮಾತ್ರ ಪಕ್ಕದಲ್ಲಿ ಪ್ರಿಂಟ್ ಮಾಡಿಸಿ. ಹೆಡ್‌ಫೋನ್ ಜ್ಯಾಕೂ ಹೋಗಲಿ.

ಆರ್‌ಜೆ45 ಇರಲೇಬೇಕು. ಅದಕ್ಕೋಸ್ಕರವೇ ಈ ಯಂತ್ರ. ಸಿಎಂ4ನಲ್ಲಿ ಗಿಗಾಬಿಟ್ ಪಿಎಚ್‌ವೈ (ನೆಟ್‌ವರ್ಕ್ ಸಿಗ್ನಲ್ ಚಿಪ್) ಒಳಗೇ ಇದೆ, ಹೊರಗೆ ಮ್ಯಾಗ್ನೆಟಿಕ್ಸ್ (ಸಣ್ಣ ಟ್ರಾನ್ಸ್‌ಫಾರ್ಮರ್‌ಗಳು) ಇರುವ ಜ್ಯಾಕ್ ಸಾಕು. ಕೇಸಿನ ದಪ್ಪ ತೀರ್ಮಾನ ಆಗುವುದು ಈ ಜ್ಯಾಕಿನಿಂದಲೇ, ಮಾಮೂಲಿ ಜ್ಯಾಕ್ 13 ಎಂಎಂಗಿಂತ ಎತ್ತರ. ಬೋರ್ಡಿನ ಅಂಚನ್ನು ಕೊರೆದು ಅರ್ಧ ಮುಳುಗಿ ಕೂರುವ ಜ್ಯಾಕ್ ಸಿಗುತ್ತದೆ, ಅದನ್ನು ನೋಡಿ. ಒಂದು ಎಚ್ಚರಿಕೆ. ಸಾಮಾನ್ಯ ಆರ್‌ಜೆ45ಗೆ ಆಯಸ್ಸು 750 ಸಲ ಹಾಕಿ ತೆಗೆಯುವಷ್ಟು ಅಂತ ಲೆಕ್ಕ. ಯುಎಸ್‌ಬಿ-ಎ 1,500, ಟೈಪ್-ಸಿ 10,000. ನಿಮ್ಮ ಕೆಲಸದಲ್ಲಿ 750 ಬೇಗ ಮುಗಿಯುತ್ತದೆ. ಒಂದು ಗಿಡ್ಡ ಎಕ್ಸ್‌ಟೆನ್ಷನ್ ಕೇಬಲ್ ಖಾಯಂ ಚುಚ್ಚಿಟ್ಟುಬಿಡಿ. ಸವೆದರೆ ಅದು ಸವೆಯಲಿ.

ಎ ಪೋರ್ಟ್ ಇರಲಿ. ನಿಮ್ಮ ಕನ್ಸೋಲ್ ಕೇಬಲ್, ಪೆನ್‌ಡ್ರೈವ್ ಎರಡೂ ಎ ಅಲ್ವಾ?

ಹಳೇ_ರೇಡಿಯೋ:

ಪದ್ಮಾ ಅವರು ಹೇಳಿದ್ದು ನೋಡಿ ಸಿಂಪ್ಯೂಟರ್ ನೆನಪಾಯಿತು. ನಮ್ಮ ಬೆಂಗಳೂರಿನದೇ ಕೈಗಣಕ. 2001ರಲ್ಲಿ ಮಾದರಿ ತೋರಿಸಿದರು, 2004ರಲ್ಲಿ ಬಿಇಎಲ್ ತಯಾರಿಸಿದ ಅಮಿಡಾ ಅನ್ನುವ ಸಿಂಪ್ಯೂಟರ್ ಮಾರಾಟಕ್ಕೆ ಬಂತು. ಅದರಲ್ಲಿ ಸ್ಮಾರ್ಟ್ ಕಾರ್ಡ್ ಹಾಕಲು ಜಾಗ ಇತ್ತು. ಒಂದೇ ಯಂತ್ರವನ್ನು ಹಳ್ಳಿಯಲ್ಲಿ ಹಲವರು ಹಂಚಿಕೊಳ್ಳಲಿ, ಅವರವರ ಮಾಹಿತಿ ಅವರವರ ಕಾರ್ಡಿನಲ್ಲಿ ಇರಲಿ ಅಂತ. ಯಂತ್ರ ಹೆಚ್ಚು ಓಡಲಿಲ್ಲ, ಅದು ಬೇರೆ ಮಾತು. ಆದರೆ ಆ ಕಾರ್ಡಿನ ಸೀಳು ಯಾರಿಗೆ ಅಂತ ಕೇಳಿದರೆ ಅವರ ಹತ್ತಿರ ಉತ್ತರ ಇತ್ತು.

ಬೆಸುಗೆ_ಭಟ್ಟ:

ರೀಬೂಟ್ ವಿಷಯ ಯಾರೂ ಮುಟ್ಟಲಿಲ್ಲ. ಎ ಪೋರ್ಟಿನ 5 ವೋಲ್ಟ್ ನೇರ ಬೂಸ್ಟ್ ಕನ್ವರ್ಟರ್‌ನಿಂದ ಬರುತ್ತಿದೆಯಾ?

ಮಲೆನಾಡು_ಲಿಂಕ್:

ಹೌದು, ನೇರ. ನಡುವೆ ಏನೂ ಇಲ್ಲ. ರೀಬೂಟ್ ಆಗದೆ ಉಳಿದಾಗ ಕರ್ನಲ್ ಲಾಗ್‌ನಲ್ಲಿ ಅಂಡರ್‌ವೋಲ್ಟೇಜ್ ಅಂತ ಬಂದಿರುತ್ತದೆ.

ಬೆಸುಗೆ_ಭಟ್ಟ:

ಪೆನ್‌ಡ್ರೈವ್ ಒಳಗಿನ ಖಾಲಿ ಕೆಪಾಸಿಟರ್ ಚುಚ್ಚಿದ ಗಳಿಗೆಯಲ್ಲಿ ಒಮ್ಮೆಲೇ ಕರೆಂಟು ಎಳೆಯುತ್ತದೆ. ಅದೇ 5 ವೋಲ್ಟಿನಲ್ಲಿ ಸಿಎಂ4 ಕೂಡ ಇದೆ, ಅದಕ್ಕೆ ಕುಸಿತ ತಾಳುವುದಿಲ್ಲ. ನಡುವೆ ಕರೆಂಟ್ ಮಿತಿ ಇರುವ ಯುಎಸ್‌ಬಿ ಪವರ್ ಸ್ವಿಚ್ ಐಸಿ ಹಾಕಿ, ಟಿಪಿಎಸ್2051 ತರಹದ್ದು, 500 ಮಿಲಿಆಂಪಿಯರ್ ಸಾಕು. ಸ್ವಿಚ್ ದಾಟಿದ ಮೇಲೆ, ಪೋರ್ಟಿನ ಪಕ್ಕದಲ್ಲೇ 120 ಮೈಕ್ರೋಫ್ಯಾರಡ್ ಅಥವಾ ಅದಕ್ಕಿಂತ ಜಾಸ್ತಿ ಕೆಪಾಸಿಟರ್. ಪೆನ್‌ಡ್ರೈವ್ ಎಳೆಯುವುದನ್ನು ಆ ಕೆಪಾಸಿಟರೇ ಕೊಡುತ್ತದೆ. ಸಾಧನದ ಕಡೆ 10 ಮೈಕ್ರೋಫ್ಯಾರಡ್ ದಾಟಬಾರದು ಅಂತ ಯುಎಸ್‌ಬಿ ನಿಯಮ ಇದೆ, ಆದರೆ ಮಾರುಕಟ್ಟೆಯ ಪೆನ್‌ಡ್ರೈವ್‌ಗಳು ನಿಯಮ ಓದಿಕೊಂಡು ಬರುವುದಿಲ್ಲ. ಡೇಟಾ ಲೈನುಗಳಿಗೆ ಯುಎಸ್‌ಬಿಎಲ್‌ಸಿ6 ತರಹದ ಇಎಸ್‌ಡಿ (ಸ್ಥಿರ ವಿದ್ಯುತ್ತಿನ ಹೊಡೆತ ತಡೆಯುವ) ಚಿಪ್ಪನ್ನೂ ಮರೆಯಬೇಡಿ. ಅಲ್ಲಿ ಇಲ್ಲಿ ಮುಟ್ಟಿದ ಕೈಯಲ್ಲೇ ಕನ್ಸೋಲ್ ಕೇಬಲ್ ಹಿಡಿಯುವವರು ನೀವು.

ಪಿಸಿಬಿ_ಪದ್ಮ:

ಇನ್ನೊಂದು ಕೇಳಬೇಕಿತ್ತು. ಸಿಎಂ4ನಲ್ಲಿ ಯುಎಸ್‌ಬಿ 2.0 ಒಂದೇ ಒಂದು. ಕೀಬೋರ್ಡ್‌ಗೂ ಎ ಪೋರ್ಟಿಗೂ ನೀವು ಹಬ್ ಚಿಪ್ ಹಾಕಿರಬೇಕು. ನಿಮ್ಮದು ಇಎಂಎಂಸಿ (ಮಾಡ್ಯೂಲಿನ ಮೇಲೇ ಇರುವ ಸ್ಟೋರೇಜ್ ಚಿಪ್) ಇರುವ ಮಾಡ್ಯೂಲಾ, ಅದಿಲ್ಲದ ಲೈಟಾ?

ಮಲೆನಾಡು_ಲಿಂಕ್:

ಎಫ್‌ಇ1.1ಎಸ್ ಹಬ್ ಇದೆ. ಮಾಡ್ಯೂಲ್ ಇಎಂಎಂಸಿ ಇರುವುದು. ಓಎಸ್ ಹಾಕುವಾಗ ಸ್ನೇಹಿತರ ಐಒ ಬೋರ್ಡಿಗೆ (ಸಿಎಂ4 ಕೂರಿಸುವ ಸಿದ್ಧ ಬೋರ್ಡಿಗೆ) ಕೂರಿಸಿ ಹಾಕಿದ್ದೆ.

ಪಿಸಿಬಿ_ಪದ್ಮ:

ಅದೇ ಹೇಳಲು ಹೊರಟಿದ್ದೆ. ಇಎಂಎಂಸಿಗೆ ಓಎಸ್ ಬರೆಯಬೇಕಾದರೆ ಬೂಟ್ ಪಿನ್ನನ್ನು ಗ್ರೌಂಡ್ ಮಾಡಿ, ಸಿಎಂ4ನ ಅದೇ ಯುಎಸ್‌ಬಿಯನ್ನು ಪಿಸಿಗೆ ಕೊಡಬೇಕು. ನಿಮ್ಮಲ್ಲಿ ಅದು ಹಬ್ಬಿಗೆ ಖಾಯಂ ಅಂಟಿಕೊಂಡಿದೆ. ಕಾಡಂಚಿನಲ್ಲಿ ಓಎಸ್ ಕೆಟ್ಟರೆ ಮಾಡ್ಯೂಲ್ ಕಿತ್ತೇ ಆಗಬೇಕು. ಎರಡನೇ ಬೋರ್ಡಿನಲ್ಲಿ ಎಫ್‌ಎಸ್‌ಯುಎಸ್‌ಬಿ42 ತರಹದ ಯುಎಸ್‌ಬಿ ಸ್ವಿಚ್ ಹಾಕಿ. ಮಾಮೂಲಿ ಸಮಯದಲ್ಲಿ ಡೇಟಾ ಹಬ್ಬಿಗೆ ಹೋಗಲಿ, ಒಳಗಿನ ಜಂಪರ್ ಹಾಕಿದರೆ ಚಾರ್ಜಿಂಗ್ ಟೈಪ್-ಸಿಯ ಡೇಟಾ ಪಿನ್ನಿಗೆ ಬರಲಿ. ಆಗ ಅದೇ ಸಿ ಪೋರ್ಟಿನಿಂದ ಓಎಸ್ ಬರೆಯಬಹುದು. ಕಿಟ್ಟಿ ಅವರ ಆಸೆಯೂ ಅರ್ಧ ಈಡೇರಿತು.

ಕೋರಮಂಗಲ_ಕಿಟ್ಟಿ:

ಅರ್ಧವಾದರೂ ಸಿಕ್ಕಿತಲ್ಲ, ಸಾಕು ಮೇಡಂ. ಸಿ ಪೋರ್ಟ್ ಯಾವ ಅಂಚಿಗೆ? ಕೆಳಗೆ ಇಟ್ಟರೆ ಮೇಜಿನ ಮೇಲೆ ನಿಲ್ಲಿಸಿ ಚಾರ್ಜ್ ಮಾಡಲು ಆಗಲ್ಲ. ನಿಂಟೆಂಡೊ ಸ್ವಿಚ್‌ನಲ್ಲಿ ಅದೇ ಗೋಳು ಇತ್ತು, 2025ರ ಸ್ವಿಚ್ 2ಗೆ ಮೇಲೂ ಒಂದು ಕೊಟ್ಟರು. ಸ್ಟೀಮ್ ಡೆಕ್‌ನಲ್ಲಿ ಮೊದಲಿಂದಲೂ ಮೇಲೆಯೇ.

ಮಲೆನಾಡು_ಲಿಂಕ್:

ಮೇಲಿನ ಅಂಚಿಗೇ ಇಡುತ್ತೇನೆ. ಆರ್‌ಜೆ45 ಕೂಡ ಅಲ್ಲೇ, ಕೈಗಳು ಎರಡು ಬದಿಯಲ್ಲಿ ಇರುತ್ತವೆ. ಕೊನೆಯ ಪ್ರಶ್ನೆ. 3ಡಿ ಪ್ರಿಂಟ್ ಕೇಸಿನಲ್ಲಿ ಬೋರ್ಡ್ ಕೂರಿಸಿದರೆ ಕೆಲವು ಸಿ ಕೇಬಲ್ ಪೂರ್ತಿ ಒಳಗೆ ಹೋಗಲ್ಲ, ಒತ್ತಿ ಹಿಡಿದರೆ ಮಾತ್ರ ಚಾರ್ಜ್. ಕೇಸ್ ಗೋಡೆ 3 ಎಂಎಂ.

ಬೆಸುಗೆ_ಭಟ್ಟ:

ಕನೆಕ್ಟರ್ ಬಾಯಿ ಗೋಡೆಯ ಒಳಮೈಗೆ ನಿಂತಿದೆ, ಕೇಬಲ್‌ನ ಪ್ಲಾಸ್ಟಿಕ್ ಹಿಡಿ ಗೋಡೆಗೆ ತಾಗುತ್ತಿದೆ. ಎರಡರಲ್ಲಿ ಒಂದು ಮಾಡಿ. ಬೋರ್ಡನ್ನು ಮುಂದೆ ತಂದು ಕನೆಕ್ಟರ್ ಬಾಯಿಯನ್ನು ಗೋಡೆಯ ಹೊರಮೈಗೆ ಸಮ ಮಾಡಿ. ಇಲ್ಲವೇ ಹಿಡಿಯೇ ಒಳಗೆ ಹೋಗುವಷ್ಟು ದೊಡ್ಡ ಗುಂಡಿ ಕೊಡಿ. ನಿಯಮದ ಪ್ರಕಾರ ಹಿಡಿ 12.35 ಅಡ್ಡ, 6.5 ಎತ್ತರ ಎಂಎಂ ದಾಟಬಾರದು, ಪ್ರಿಂಟರ್ ತಪ್ಪಿಗೆ ಅಂತ ಸುತ್ತ ಸ್ವಲ್ಪ ಸೇರಿಸಿ 13.5 ಮತ್ತು 7.5 ಇಡಿ. ಕನೆಕ್ಟರ್ ಕೊಳ್ಳುವಾಗ ನಾಲ್ಕು ಲೋಹದ ಕಾಲು ಬೋರ್ಡಿನ ತೂತಿನೊಳಗೆ ಇಳಿಯುವ ಮಾದರಿಯನ್ನೇ ಕೇಳಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬಿಡಿಯಾಗಿ ತೆಗೆದುಕೊಳ್ಳುವುದಾದರೆ ಮೊದಲು ಕನೆಕ್ಟರ್ ಕೈಗೆ ಬರಲಿ, ಕ್ಯಾಲಿಪರ್‌ನಲ್ಲಿ ಅಳೆದು ಆಮೇಲೆ ಫುಟ್‌ಪ್ರಿಂಟ್ (ಬೋರ್ಡಿನ ಮೇಲೆ ಅದು ಕೂರುವ ಪ್ಯಾಡು, ತೂತುಗಳ ನಕ್ಷೆ) ಎಳೆಯಿರಿ. ನೋಡಲು ಒಂದೇ ತರಹ ಇರುವ ಎರಡು ಕನೆಕ್ಟರ್‌ಗಳ ಕಾಲಿನ ಅಂತರ ಬೇರೆ ಇರುತ್ತದೆ.

ಮಲೆನಾಡು_ಲಿಂಕ್:

ಸರಿ ಭಟ್ಟರೇ. ಹೊಸ ಸ್ಕೀಮ್ಯಾಟಿಕ್ ಬರೆದು ಇಲ್ಲೇ ಹಾಕುತ್ತೇನೆ, ಆರ್ಡರ್ ಮಾಡುವ ಮುಂಚೆ ಪದ್ಮಾ ಮೇಡಂ ಒಮ್ಮೆ ಯುಎಸ್‌ಬಿ ಸ್ವಿಚ್ ಭಾಗ ನೋಡಿಬಿಡಿ.

ಪಿಸಿಬಿ_ಪದ್ಮ:

ಹಾಕಿ, ನೋಡುತ್ತೇನೆ. ಲೇಔಟ್ ಕೂಡ ಜೊತೆಗೇ ಹಾಕಿ. ಯುಎಸ್‌ಬಿ ಡೇಟಾ ಗೆರೆಗಳ ಜೋಡಿಯ ಇಂಪೀಡೆನ್ಸ್ 90 ಓಮ್ ಇದೆಯಾ, ಈಥರ್ನೆಟ್ ಜೋಡಿಗಳದ್ದು 100 ಓಮ್ ಇದೆಯಾ ಅಂತ ಸ್ಕೀಮ್ಯಾಟಿಕ್‌ನಲ್ಲಿ ಗೊತ್ತಾಗುವುದಿಲ್ಲ.