ಹಾರ್ಟ್ ಬ್ಲಾಕಿಗೆ ಪೆಟ್ ಸ್ಕ್ಯಾನ್ ಯಾಕ್ರಿ?

ಪ್ರಶ್ನೆ (ಸೇಡಂ ಕಡಿಯವ):
ನಮ್ಮಣ್ಣಗ ನಲವತ್ತೂ ದಾಟಿಲ್ಲ. ಶುಗರ್ ಇಲ್ಲ, ಬಿಪಿ ಇಲ್ಲ. ತೊಗರಿ ರಾಶಿ ಮಾಡೂ ಹೊತ್ತಿನ್ಯಾಗ ಕಣ್ಣು ಕತ್ತಲಿ ಬಂದು ಬಿದ್ದ. ಕಲಬುರಗಿಗೆ ಒಯ್ದ್ವಿ, ಇಸಿಜಿ ನೋಡಿ ಕಂಪ್ಲೀಟ್ ಹಾರ್ಟ್ ಬ್ಲಾಕ್ ಅಂದ್ರು. ಆಂಜಿಯೋಗ್ರಾಂ ನಾರ್ಮಲ್, ಅಂದ್ರ ರಕ್ತನಾಳ ಕಟ್ಟಿಲ್ಲ. ಈಗ ಕಾರ್ಡಿಯಾಕ್ ಸಾರ್ಕಾಯ್ಡೋಸಿಸ್ ಇರಬಹುದು, ಹೈದರಾಬಾದಿಗೆ ಹೋಗಿ ಪೆಟ್ ಸ್ಕ್ಯಾನ್ ಮಾಡಸ್ರಿ ಅಂತಾರ. ಅದು ಕ್ಯಾನ್ಸರಿಂದಲ್ಲೇನ್ರಿ?

ಬೀದರಿನವ:
ಕ್ಯಾನ್ಸರ್ ಅಲ್ರಿ. ನನ್ನ ಹೆಂಡತಿಗೂ ಇದೇ ಆಗಿತ್ತು. ಹೃದಯದ ಸ್ನಾಯುವಿನ್ಯಾಗ ಉರಿಯೂತದ ಸಣ್ಣ ಗಂಟು ಕಟ್ಟತಾವ, ಬಡಿತ ನಡಸೂ ಕರೆಂಟಿನ ದಾರಿ ಕಟ್ಟಾಗತದ, ಅದೇ ಹಾರ್ಟ್ ಬ್ಲಾಕ್. ಸ್ಕ್ಯಾನಿಗೆ ಸಕ್ಕರಿಯಂಥ ಔಷಧ ಚುಚ್ಚತಾರ, ಉರಿಯೂತ ಇದ್ದಲ್ಲಿ ಅದು ಹೊಳೀತದ. ಆದ್ರ ಆರಾಮ ಇದ್ದ ಸ್ನಾಯುನೂ ಸಕ್ಕರಿ ಎಳಕೋತದ. ಅದು ಸಕ್ಕರಿ ಬಿಟ್ಟು ಕೊಬ್ಬು ಉರಸಲಿ ಅಂತ ಹಿಂದಿನ ದಿನ ಜ್ವಾಳದ ರೊಟ್ಟಿ, ಅನ್ನ, ಬ್ಯಾಳಿ, ಸಕ್ಕರಿ ಹಾಕಿದ ಚಾ ಎಲ್ಲಾ ಬಂದ್. ಬರೇ ತತ್ತಿ, ಪನೀರ್, ತುಪ್ಪ. ಆಮ್ಯಾಲ ರಾತ್ರಿಯೆಲ್ಲಾ ಉಪಾಸ. ರೊಟ್ಟಿ ಇಲ್ದ ಊಟನಾ ಅಂತ ಅತ್ತಿ ಗೊಣಗಿದ್ದೇ ಗೊಣಗಿದ್ದು! ನೋಡಾಕ ಬಂದವರು ಒಂದು ಹೋಳಿಗಿ ತಿನಿಸಿದ್ರೂ ಸ್ಕ್ಯಾನ್ ಕೆಡಬಹುದು, ಹುಷಾರ್.

ಯಾದಗಿರಿ ನರ್ಸ್:
ಟಿಬಿ ಪರೀಕ್ಷೆನೂ ಆಗಲಿ. ಬಯಾಪ್ಸಿಯೊಳಗ (ತುಣುಕು ತೆಗೆದು ನೋಡೂ ಪರೀಕ್ಷೆ) ಸಾರ್ಕಾಯ್ಡೋಸಿಸ್, ಟಿಬಿ ಎರಡೂ ಒಂದೇ ತರ ಕಾಣಬಹುದು, ಟಿಬಿ ಇದ್ದು ಸಾರ್ಕಾಯ್ಡೋಸಿಸ್‌ಗೆ ಕೊಡೂ ಸ್ಟೆರಾಯ್ಡ್ ಅಷ್ಟೇ ಕೊಟ್ರ ಕಷ್ಟ. ಪ್ರೆಡ್ನಿಸೋಲೋನ್ ಅನ್ನೂ ಸ್ಟೆರಾಯ್ಡ್ ಶುರುವಾದ್ರ ಶುಗರ್ ನೋಡಕೋತ ಇರ್ರಿ, ಥಟ್ಟನೆ ನಿಲ್ಲಸಬ್ಯಾಡ್ರಿ.

ಸೇಡಂ ಕಡಿಯವ:
ಪೇಸ್‌ಮೇಕರ್ (ನಿಧಾನ ಬಡಿತ ಎಬ್ಬಸೂ ಯಂತ್ರ) ಹಾಕ್ತೀವಿ ಅಂದಾರ. ಸಾಕಲ್ಲ?

ಬೀದರಿನವ:
ಈ ರೋಗದಾಗ ಬಡಿತ ಹುಚ್ಚಾಪಟ್ಟೆ ಓಡಿ ಜೀವಕ್ಕ ಬರೂದೂ ಅದ. ಅದಕ್ಕ ಶಾಕ್ ಕೊಟ್ಟು ಬಡಿತ ಸರಿ ಮಾಡೂ ಐಸಿಡಿ ಯಂತ್ರ ಬೇಕೇನು ಅಂತ ಹಾಕೂಕಿಂತ ಮೊದಲೇ ಕೇಳ್ರಿ. ರೊಕ್ಕ ಭಾಳ ಜಾಸ್ತಿ, ಅದನ್ನೂ ಕೇಳ್ರಿ.