ಊಟಕ್ಕೆ 'ಕೆದಾಮೊಸ್' ಅಂದರೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ಕಲಬುರಗಿಯಿಂದ ನಮಸ್ಕಾರ.

ನಮ್ಮ ಅಣ್ಣನ ಮಗಳು ಓದಲಿಕ್ಕೆ ಮ್ಯಾಡ್ರಿಡ್‌ಗೆ ಹೊರಟಿದ್ದಾಳೆ. ಮೂರು ತಿಂಗಳಿಂದ ಸ್ಪ್ಯಾನಿಷ್ ಕಲಿಯುತ್ತಿದ್ದಾಳೆ, ಜೊತೆಗೆ ನಾನೂ ಕೂತಿದ್ದೇನೆ. ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇವೆ. ಎಡಗಡೆ ಸ್ಪ್ಯಾನಿಷ್, ಬಲಗಡೆ ಕನ್ನಡ, ಎರಡೂ ಕನ್ನಡ ಅಕ್ಷರದಲ್ಲೇ. ನಡುವೆ ಇಂಗ್ಲಿಷ್ ತರೋದು ಬೇಡ ಅಂತ ಮೊದಲ ದಿನವೇ ಮಾತು ಮಾಡಿಕೊಂಡಿದ್ದೆವು. ಈ ವಾರದ ಪಾಠ, ಗೆಳೆಯರ ಜೊತೆ ಹೊರಗೆ ಊಟಕ್ಕೆ ಹೋಗುವ ಮಾತುಕತೆ. ಅದರ ಮೊದಲ ಸಾಲಿಗೇ ನಮ್ಮ ಬಲಗಡೆ ಪುಟ ಖಾಲಿ ಉಳಿದಿದೆ.

ಸಾಲು ಇದು: 'ಕೆದಾಮೊಸ್ ಪಾರಾ ಸೆನಾರ್ ಎಲ್ ಸಾಬಾದೊ?'

ಸೆನಾರ್ ಅಂದರೆ ರಾತ್ರಿ ಊಟ ಮಾಡುವುದು. ಸಾಬಾದೊ ಶನಿವಾರ. ತೊಡಕಿರೋದು 'ಕೆದಾಮೊಸ್' ಎಂಬಲ್ಲಿ. ಮೂಲ ಕ್ರಿಯಾಪದ 'ಕೆದಾರ್'. ನಿಘಂಟಿನಲ್ಲಿ ಮೊದಲು ಸಿಗುವ ಅರ್ಥ 'ಉಳಿ'. ಫೋನಿನ ಆ್ಯಪ್ ಕೂಡ 'ಶನಿವಾರ ರಾತ್ರಿ ಊಟಕ್ಕೆ ನಾವು ಉಳಿಯುತ್ತೇವೆಯೇ?' ಎಂದೇ ಕೊಟ್ಟಿತು. ಹುಡುಗಿ ಕೇಳಿದಳು: "ಕಾಕಾ, ಉಳಿಯೋದು ಎಲ್ಲಿ? ಅವರ ಮನ್ಯಾಗೇನು?"

ಉಳಿಯೋದು ಎಲ್ಲೂ ಅಲ್ಲ. 'ಶನಿವಾರ ರಾತ್ರಿ ಊಟಕ್ಕೆ ಸೇರೋಣವಾ' ಎಂದು ಕೇಳುವ ಮಾತು ಅದು. ಇಂಥ ದಿನ, ಇಷ್ಟು ಗಂಟೆಗೆ, ಇಂಥವರನ್ನು ನೋಡೋದು ಅಂತ ಇಬ್ಬರೂ ಒಪ್ಪಿಕೊಂಡರೆ ಸ್ಪೇನಿನಲ್ಲಿ ಅದಕ್ಕೆ ಕೆದಾರ್ ಅನ್ನುತ್ತಾರೆ. ಮೆಕ್ಸಿಕೊದಂಥ ಕಡೆ ಇದಕ್ಕಿಂತ 'ನೊಸ್ ವೇಮೊಸ್' ಜಾಸ್ತಿ. ಅದು ನಮ್ಮ 'ಸಿಗೋಣ' ಇದ್ದ ಹಾಗೆಯೇ, ತೊಂದರೆ ಇಲ್ಲ. ಆದರೆ ಈಕೆ ಹೋಗೋದು ಮ್ಯಾಡ್ರಿಡ್‌ಗೆ. ಅಲ್ಲಿ ಕೆದಾರ್ ಇಲ್ಲದೆ ಒಂದು ವಾರ ಕಳೆಯೋದೂ ಕಷ್ಟ.

ಈ ಪದದ ಉಳಿದ ಬಳಕೆಗಳು ಕನ್ನಡಕ್ಕೆ ಸಲೀಸಾಗಿ ಬಂದವು. 'ಕೇದಾನ್ ದೊಸ್ ಮೇಸಾಸ್', ಎರಡು ಟೇಬಲ್ ಉಳಿದಿವೆ. ಮೊನ್ನೆ ಸೂಪರ್ ಮಾರ್ಕೆಟ್ ಕಡೆ ಒಂದು ಖಾನಾವಳಿಗೆ ಹೋದಾಗ ಮಧ್ಯಾಹ್ನ ಮೂರು ದಾಟಿತ್ತು. "ರೊಟ್ಟಿ ಉಳಿದಾವೇನ್ರಿ?" ಎಂದು ಕೇಳಿದೆ. "ಕಡಕ್ ರೊಟ್ಟಿ ಅವರಿ, ಬಿಸಿವು ಮುಗದಾವ." ಹುಡುಗಿ ಅಲ್ಲೇ ಪೆನ್ನು ತೆಗೆದು ಕೇದಾನ್ ಎದುರಿಗೆ 'ಉಳಿದಾವ' ಎಂದು ಬರೆದಳು. 'ಮೆ ಕೇದೊ ಎನ್ ಕಾಸಾ', ನಾನು ಮನೆಯಲ್ಲೇ ಇರ್ತೀನಿ. ಇದೂ ಸರಿಹೋಯಿತು.

ಒಂದು ಎಚ್ಚರಿಕೆ. ಇಲ್ಲಿ 'ಮೆ' ಎಂಬ ತುಣುಕು ಬಹಳ ಕೆಲಸ ಮಾಡುತ್ತದೆ. 'ಎ ಕೆದಾದೊ ಕೊನ್ ಆನಾ' ಅಂದರೆ ಆನಾ ಜೊತೆ ಭೇಟಿ ನಿಶ್ಚಯವಾಗಿದೆ. ನಮ್ಮ ಹುಡುಗಿ ಅಭ್ಯಾಸದಲ್ಲಿ 'ಮೆ ಕೇದೊ ಕೊನ್ ಆನಾ' ಎಂದು ಬರೆದಿದ್ದಳು. ಅದು 'ನಾನು ಆನಾ ಜೊತೆ ಉಳಿಯುತ್ತೇನೆ' ಎಂದಾಗುತ್ತದೆ, ಇಲ್ಲವೇ 'ನನಗೆ ಆನಾನೇ ಇರಲಿ' ಎಂದು ಆರಿಸಿಕೊಂಡ ಹಾಗಾಗುತ್ತದೆ. ಹೊಸಬರು ಈ ಎರಡನ್ನೂ ಬೇರೆ ಬೇರೆ ಪುಟದಲ್ಲಿ ಬರೆದಿಟ್ಟುಕೊಳ್ಳೋದು ಒಳ್ಳೇದು.

ಈಗ ಅಸಲು ಪ್ರಶ್ನೆ. 'ಉಳಿ' ಎನ್ನುವ ಪದಕ್ಕೆ 'ನಿಶ್ಚಯ ಮಾಡಿಕೋ' ಎಂಬ ಅರ್ಥ ಹೇಗೆ ಬಂತು? ಕೆದಾರ್ ಹುಟ್ಟಿದ್ದು ಲ್ಯಾಟಿನ್ನಿನ 'ಕ್ವಿಯೆತಾರೆ' ಎಂಬುದರಿಂದ, ಅಂದರೆ ಸುಮ್ಮನಾಗಿಸು, ತಣ್ಣಗಾಗಿಸು. ಅಲುಗಾಡೋದು ನಿಂತರೆ ಉಳಿಯುತ್ತದೆ. ಮಾತು ಅತ್ತಿತ್ತ ಆಡಿ ಒಂದು ಕಡೆ ನಿಂತರೆ ಅದೇ ನಿಶ್ಚಯ. ಹೀಗೆ ಯೋಚಿಸಿದಾಗ ನಮ್ಮ ಸುತ್ತಲಿನ ಮಾತೇ ಕಣ್ಣಿಗೆ ಬಿತ್ತು. ಹಿಂದಿಯ 'ಠಹರ್‌ನಾ' ಅಂದರೆ ನಿಲ್ಲು, ತಂಗು. ನಮ್ಮೂರ ದಖನಿ ಉರ್ದುವಿನಲ್ಲಿ ದಿನಾ ಕೇಳುವ 'ಠೈರೋ' ಅದೇ. ಮರಾಠಿಯ 'ಠರಣೆ' ಅಂದರೆ ನಿಶ್ಚಯವಾಗು. ಪಂಚಾಯ್ತಿ ಸಭೆಯಲ್ಲಿ ಪಾಸು ಮಾಡುವ 'ಠರಾವು' ಆ ಕಡೆಯಿಂದಲೇ ಬಂದದ್ದು. ನಿಲ್ಲೋದರಿಂದ ನಿಶ್ಚಯಕ್ಕೆ ಹೋಗುವ ದಾರಿ ಸ್ಪೇನಿನಲ್ಲಿದ್ದಂತೆ ಇಲ್ಲೂ ಇದೆ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಊರು ನಮ್ಮದು. ಕನ್ನಡ, ಮರಾಠಿ, ಉರ್ದು ಒಂದೇ ಓಣಿಯಲ್ಲಿ ಬೆಳೆದಿವೆ. ಈ ನೆಂಟಸ್ತಿಕೆ ಕಂಡಾಗ ನನಗೆ ನಿಜಕ್ಕೂ ಖುಷಿಯಾಯಿತು.

ಹಾಗಂತ ಶನಿವಾರದ ಊಟಕ್ಕೆ ಠರಾವು ಪಾಸು ಮಾಡಲಿಕ್ಕೆ ಆಗಲ್ಲ. ಅದು ಸಭೆಯ ಮಾತು.

ಅಚ್ಚಗನ್ನಡದಲ್ಲಿ 'ಗೊತ್ತು' ಇದೆ. ಈಗ ಅದನ್ನು 'ತಿಳಿದಿದೆ' ಎಂಬ ಅರ್ಥದಲ್ಲೇ ಜಾಸ್ತಿ ಬಳಸುತ್ತೇವೆ. ಆದರೆ 'ಗೊತ್ತುಗುರಿ ಇಲ್ಲದೆ ತಿರುಗಬೇಡ' ಎನ್ನುವಾಗ ಗೊತ್ತು ಅಂದರೆ ನೆಲೆ. 'ಮದುವೆ ಗೊತ್ತಾಯಿತು', 'ದಿನ ಗೊತ್ತು ಮಾಡಿದರು' ಎನ್ನುವಾಗ ನಿಶ್ಚಯ. ನೆಲೆ ಮತ್ತು ನಿಶ್ಚಯ ಒಂದೇ ಪದದೊಳಗಿವೆ. ಅರ್ಥದ ಲೆಕ್ಕದಲ್ಲಿ ಕೆದಾರ್‌ಗೆ ಇದಕ್ಕಿಂತ ಹತ್ತಿರದ ಪದ ನನಗೆ ಕಾಣಲಿಲ್ಲ. ಆದರೂ 'ಶನಿವಾರ ಊಟಕ್ಕೆ ಗೊತ್ತು ಮಾಡಿಕೊಳ್ಳೋಣವಾ?' ಎಂದು ಯಾವ ಗೆಳತಿ ಕೇಳುತ್ತಾಳೆ? ಲಗ್ನದ ಮಾತಿನ ಹಾಗೆ ಕೇಳಿಸುತ್ತದೆ ಅಲ್ವಾ?

ನಮ್ಮ ಮನೆಯಲ್ಲಿ ನಾವು ಏನನ್ನುತ್ತೇವೆ ಅಂತ ಎರಡು ದಿನ ಕಿವಿಗೊಟ್ಟು ಕೇಳಿದೆ. ಕರೆಯುವಾಗ "ಐತಾರ ಉಣ್ಣಾಕ ಹೋಗಮೇನು?" ಕರೆದು ಒಪ್ಪಿದ ಮೇಲೆ "ಅವರ ಜೋಡಿ ಮಾತಾಗೇದ". ನಾಲ್ಕು ಜನ ಫೋನಿನಲ್ಲಿ ಒಂದೊಂದು ಹೇಳಿ ಗೊಂದಲವಾದಾಗ "ಹಂಗಾದ್ರ ಕಡೀಕ ಏನ್ ಮಾತಾಯ್ತು?" ಈ ಕೊನೇದು ಸ್ಪ್ಯಾನಿಷ್‌ನ 'ಎನ್ ಕೆ ಕೆದಾಮೊಸ್?' ಎಂಬುದಕ್ಕೆ ಚೂರೂ ಹೆಚ್ಚುಕಮ್ಮಿ ಇಲ್ಲದೆ ಕೂಡುತ್ತದೆ. ಹಾಗಾಗಿ ಸದ್ಯಕ್ಕೆ 'ಎ ಕೆದಾದೊ' ಎದುರಿಗೆ 'ಮಾತಾಗಿದೆ' ಎಂದು ಪೆನ್ಸಿಲ್ಲಿನಲ್ಲಿ ಬರೆದಿದ್ದೇವೆ. ಪ್ರಶ್ನೆಯ 'ಕೆದಾಮೊಸ್?' ಎದುರಿಗೆ 'ಸೇರೋಣವಾ?' ಹಾಕಬಹುದು. ಆದರೆ ಅಲ್ಲಿ ಒಂದೇ ಪದ, ಇಲ್ಲಿ ಎರಡಾಗುತ್ತದೆ. ಕಲಿಯುವವರಿಗೆ ಎರಡರ ನಂಟು ಕಾಣದೇ ಹೋಗುತ್ತದೆ. ಅದು ನನಗೆ ಕೊರತೆ ಅನ್ನಿಸುತ್ತದೆ.

ಇದೇ ಪಾಠದಲ್ಲಿ ಇನ್ನೊಂದು ಮಾತು ಬಂತು, 'ತೆ ಇನ್ವಿತೊ'. ನಿಘಂಟು 'ಆಮಂತ್ರಿಸುತ್ತೇನೆ' ಅನ್ನುತ್ತದೆ. ಹೋಟೆಲಿನಲ್ಲಿ ಅದರ ಅರ್ಥ ದುಡ್ಡು ನಾನು ಕೊಡ್ತೀನಿ ಅಂತ. 'ಊಟ ನಾನು ಹಾಕಿಸ್ತೀನಿ' ಎಂದು ಬರೆದೆವು. ಇದು ಸರಿಯಾಗಿಯೇ ಇದೆ, ಇದರ ಬಗ್ಗೆ ಚರ್ಚೆ ಬೇಕಿಲ್ಲ.

ಕನ್ನಡದಿಂದಲೇ ನೇರ ಕಲಿಯೋದು ಯಾಕೆ ಒಳ್ಳೇದು ಎಂಬುದಕ್ಕೆ ಒಂದು ಉದಾಹರಣೆ ಹೇಳಲೇಬೇಕು. ಇಷ್ಟದ ತಿನಿಸು ಹೇಳುವ ಪಾಠದಲ್ಲಿ 'ಮೆ ಗುಸ್ತಾ', 'ಮೆ ಗುಸ್ತಾನ್' ಬರುತ್ತವೆ. ತಿನಿಸು ಒಂದಿದ್ದರೆ ಗುಸ್ತಾ, ಹಲವಿದ್ದರೆ ಗುಸ್ತಾನ್. ಇಂಗ್ಲಿಷಿನಿಂದ ಹೋದರೆ 'ನಾನು' ಕರ್ತೃವಾಗಿ ವಾಕ್ಯ ತಲೆಕೆಳಗಾಗುತ್ತದೆ. ನಮ್ಮ ಅವ್ವನ ಮಾತು ನೋಡಿ: "ನನಗ ಪುಂಡಿಪಲ್ಯ ಸೇರ್ತದ. ರೊಟ್ಟಿ ಸೇರ್ತಾವ." ಸೇರ್ತದ, ಸೇರ್ತಾವ, ಗುಸ್ತಾ, ಗುಸ್ತಾನ್. 'ನನಗ' ಇದ್ದಲ್ಲೇ 'ಮೆ' ಇದೆ, ತಿನಿಸು ಒಂದೋ ಹಲವೋ ಎಂಬುದಕ್ಕೆ ತಕ್ಕ ಹಾಗೆ ಕ್ರಿಯಾಪದ ಬದಲಾಗುತ್ತದೆ. ಹುಡುಗಿಗೆ ಐದು ನಿಮಿಷ ಸಾಕಾಯಿತು. 'ತೆ ಅಪೆತೇಸೆ?' ಎಂಬುದೂ ಹೀಗೆಯೇ, 'ನಿನಗೆ ತಿನ್ನೋ ಮನಸ್ಸಿದೆಯಾ?'

ಅದಕ್ಕೇ ಕೆದಾರ್ ವಿಷಯದಲ್ಲೂ ಕನ್ನಡದೊಳಗೇ ಒಂದು ಪದ ಇರಬೇಕು ಎಂದು ಹುಡುಕುತ್ತಿದ್ದೇನೆ. ನನ್ನ ಕಿವಿ ಕಲಬುರಗಿಯದು ಮಾತ್ರ. ಬೀದರ್, ಬಸವಕಲ್ಯಾಣ ಕಡೆಯವರು ಮಾತಿನಲ್ಲಿ 'ಠರ' ಸೇರಿದ ಯಾವುದಾದರೂ ಕ್ರಿಯಾಪದವನ್ನು ಸಲುಗೆಯ ಭೇಟಿಗೆ ಬಳಸುತ್ತೀರಾ? ಮೈಸೂರು, ಮಲೆನಾಡು, ಕರಾವಳಿಯವರು ಗೆಳೆಯರ ಜೊತೆ ಹೋಟೆಲಿಗೆ ಹೋಗೋದು ಪಕ್ಕಾ ಆದಾಗ ಬಾಯಿಂದ ಬರುವ ಮಾತು ಯಾವುದು? ಪುಸ್ತಕದ ಮಾತು ಬೇಡ, ಮನೆಯಲ್ಲಿ ಆಡಿದ್ದನ್ನೇ ಬರೆಯಿರಿ. ಒಂದು ಪೂರ್ತಿ ವಾಕ್ಯ ಕೊಟ್ಟರೆ ಬಳಕೆ ಗೊತ್ತಾಗುತ್ತದೆ. ಕರೆಯುವಾಗಲೂ ಒಪ್ಪಿದ ಮೇಲೂ ಅದೇ ಪದ ನಡೆಯುತ್ತದಾ ಎಂಬುದನ್ನೂ ತಿಳಿಸಿ. ಹುಡುಗಿ ಹೊರಡಲು ಇನ್ನು ಹದಿನೆಂಟು ದಿನ ಇದೆ. ನೋಟ್‌ಬುಕ್ ಅವಳ ಜೊತೆ ಹೋಗುತ್ತದೆ.