ಬ್ಲ್ಯಾಕ್‌ಮೋರ್ ಹೋದ ಮೇಲಿನ ಡೀಪ್ ಪರ್ಪಲ್: ನೀವು ಹೇಗೆ ಒಗ್ಗಿಸಿಕೊಂಡಿರಿ?

ಕೇಳಿದ್ದು

ನನಗೆ ಡೀಪ್ ಪರ್ಪಲ್ ಎಂಬ ಇಂಗ್ಲಿಷ್ ರಾಕ್ ತಂಡದ ಹುಚ್ಚು ಹತ್ತಿಸಿದ್ದು ನಮ್ಮ ಸೋದರಮಾವ. ಅವರ ಹತ್ತಿರ ಇದ್ದ ಕ್ಯಾಸೆಟ್‌ಗಳೆಲ್ಲ ರಿಚಿ ಬ್ಲ್ಯಾಕ್‌ಮೋರ್ ಗಿಟಾರ್ ನುಡಿಸಿದ ಕಾಲದವು. 1972ರ 'ಮೆಷಿನ್ ಹೆಡ್' ಅಂತೂ ನನಗೆ ಬಾಯಿಪಾಠ. ಮೊನ್ನೆ ಮೊದಲ ಸಲ 'ಪರ್ಪೆಂಡಿಕ್ಯುಲರ್' ಹಾಕಿದೆ. ರಿಚಿ ಹೋಗಿ ಸ್ಟೀವ್ ಮೋರ್ಸ್ ಬಂದ ಮೇಲೆ, 1996ರಲ್ಲಿ ತಂದ ಆಲ್ಬಮ್ ಅದು. ಎರಡು ಸಲ ಕೇಳಿದೆ. ಚೆನ್ನಾಗಿಲ್ಲ ಅಂತಲ್ಲ. ಆದರೆ ಗಿಟಾರ್ ಸೋಲೋ ಬಂದಾಗಲೆಲ್ಲ 'ಇಲ್ಲಿ ರಿಚಿ ಇದ್ದಿದ್ದರೆ' ಅಂತಲೇ ಮನಸ್ಸು ಓಡುತ್ತದೆ. ನಿಮಗೂ ಹೀಗೆ ಆಗಿತ್ತಾ? ಯಾವ ಹಾಡಿನಿಂದ ಶುರು ಮಾಡಲಿ?

ಬೆಂಗಳೂರಿನಿಂದ

ಆಗಿತ್ತು. ಅದರಿಂದ ಹೊರಗೆ ಬರಲು ನನಗೆ ಒಂದು ವರ್ಷವೇ ಹಿಡಿಯಿತು.

'ಪರ್ಪೆಂಡಿಕ್ಯುಲರ್' ಕ್ಯಾಸೆಟ್ ಕೊಂಡಾಗ ನಾನು ಕಾಲೇಜಿನಲ್ಲಿದ್ದೆ. ಆಸೆಯಿಂದ ಕೇಳಲು ಕೂತವನು ಮೊದಲ ಬದಿ ಮುಗಿಯುವ ಮೊದಲೇ ನಿಲ್ಲಿಸಿಬಿಟ್ಟೆ. ನಿಜವಾಗಿ ಸಿಟ್ಟು ಬಂದಿತ್ತು. ಆ ಸಿಟ್ಟು ಮೋರ್ಸ್ ಮೇಲೆ ಅಲ್ಲ, ರಿಚಿ ಹೋದರಲ್ಲ ಅಂತ. 1993ರ ನವೆಂಬರ್‌ನಲ್ಲಿ ಪ್ರವಾಸ ಇನ್ನೂ ಮುಗಿದಿರಲಿಲ್ಲ. ಹೆಲ್ಸಿಂಕಿಯ ಕಾರ್ಯಕ್ರಮ ಮುಗಿಸಿ ರಿಚಿ ತಂಡ ಬಿಟ್ಟರು. ಮುಂದಿನ ತಿಂಗಳು ಜಪಾನಿನಲ್ಲಿ ಕಾರ್ಯಕ್ರಮಗಳಿದ್ದವು. ಗಿಟಾರಿಸ್ಟ್ ಜೋ ಸಾಟ್ರಿಯಾನಿ ಬಂದು ಅವನ್ನು ನಡೆಸಿಕೊಟ್ಟರು. 1994ರ ಯುರೋಪ್ ಪ್ರವಾಸಕ್ಕೂ ಅವರೇ ಹೋದರು. ಆದರೆ ಖಾಯಂ ಆಗಿ ಉಳಿಯಲಿಲ್ಲ. ಆ ವರ್ಷದ ಕೊನೆಗೆ ಸ್ಟೀವ್ ಮೋರ್ಸ್ ಬಂದರು.

ಮೋರ್ಸ್ ಅಮೆರಿಕದವರು. ಡಿಕ್ಸಿ ಡ್ರೆಗ್ಸ್ ಎಂಬ ತಂಡ ಕಟ್ಟಿದವರು. ಅದು ಹೆಚ್ಚು ಕಡಿಮೆ ಬರೀ ವಾದ್ಯಗಳ ತಂಡ. ಜಾಝ್, ಕಂಟ್ರಿ, ರಾಕ್ ಎಲ್ಲವೂ ಅದರಲ್ಲಿ ಬೆರೆತಿತ್ತು. ಆಮೇಲೆ ಕ್ಯಾನ್ಸಸ್ ತಂಡದಲ್ಲೂ ಇದ್ದರು. ಇಂಥವರ ಕೈಯಿಂದ ರಿಚಿಯ ಗಿಟಾರ್ ಬರಲಿ ಅಂತ ನಾನು ಕಾಯುತ್ತಾ ಕೂತಿದ್ದೆ. ಬರುವುದಾದರೂ ಹೇಗೆ?

ನನ್ನ ಕಿವಿ ತೆರೆಸಿದ್ದು ಹಾಸ್ಟೆಲ್‌ನ ರೂಮ್‌ಮೇಟ್. ಅವನು ಚರ್ಚ್‌ನಲ್ಲಿ ಕೀಬೋರ್ಡ್ ನುಡಿಸುತ್ತಿದ್ದ. ನನ್ನ ಗೋಳು ಕೇಳಿ ಕೇಳಿ ಸಾಕಾಗಿ, "ಗಿಟಾರ್ ಬಿಡು ಮಾರಾಯಾ, ಒಂದು ಸಲ ಬರೀ ಜಾನ್ ಲಾರ್ಡ್ ಏನು ಮಾಡುತ್ತಾರೆ ಕೇಳು" ಎಂದ. ಕೇಳಿದೆ. ಅಲ್ಲಿಂದ ಆಲ್ಬಮ್ಮೇ ಬೇರೆಯಾಯಿತು.

ತಂಡದ ಕೀಬೋರ್ಡ್ ವಾದಕ ಲಾರ್ಡ್ ತಮ್ಮ ಹ್ಯಾಮಂಡ್ ಆರ್ಗನ್ನನ್ನು ಮಾರ್ಷಲ್ ಆಂಪ್ಲಿಫೈಯರ್‌ಗೆ ಜೋಡಿಸುತ್ತಿದ್ದರು. ಗಿಟಾರ್‌ಗೆಂದು ಮಾಡಿದ ಆಂಪ್ ಅದು. ಅದಕ್ಕೇ ಅವರ ಆರ್ಗನ್ ಗುರ್ ಅನ್ನುತ್ತದೆ. ರಿಚಿಯ ಕಾಲದಲ್ಲಿ ಗಿಟಾರ್ ಮತ್ತು ಆರ್ಗನ್ ಎದುರುಬದುರು ನಿಂತು ಸವಾಲು ಹಾಕಿಕೊಳ್ಳುತ್ತಿದ್ದವು. ಆ ಜಗಳದ ರುಚಿಯೇ ಬೇರೆ, ಒಪ್ಪುತ್ತೇನೆ. 'ಪರ್ಪೆಂಡಿಕ್ಯುಲರ್'ನಲ್ಲಿ ಎರಡೂ ಕೈ ಕೈ ಹಿಡಿದು ಓಡುತ್ತವೆ. 'ಕ್ಯಾಸ್ಕೇಡ್ಸ್' ಹಾಡಿನ ಆ ವೇಗದ ಸ್ವರಗಳನ್ನು ಕೇಳಿ. ಗಿಟಾರ್ ಎಲ್ಲಿ ಮುಗಿಯಿತು, ಆರ್ಗನ್ ಎಲ್ಲಿ ಹಿಡಿಯಿತು ಅಂತ ಬಿಡಿಸಿ ಹೇಳುವುದೇ ಕಷ್ಟ. 'ರೋಸಾಸ್ ಕ್ಯಾಂಟೀನಾ' ಇನ್ನೊಂದು ದಾರಿ. ಅಲ್ಲಿ ರೋಜರ್ ಗ್ಲೋವರ್ ಅವರ ಬೇಸ್ ಮತ್ತು ಆರ್ಗನ್ ಮುಂದೆ ನಿಂತಿವೆ, ಗಿಟಾರ್ ಸುಮ್ನೆ ಪಕ್ಕಕ್ಕೆ ಸರಿದು ಜಾಗ ಬಿಟ್ಟಿದೆ. ಹೊಸದಾಗಿ ಬಂದವರು ತಮ್ಮ ಮೊದಲ ಆಲ್ಬಮ್‌ನಲ್ಲೇ ಹೀಗೆ ಹಿಂದೆ ಸರಿಯುತ್ತಾರೆ ಅಂದರೆ ನನಗೆ ಅವರ ಮೇಲೆ ಗೌರವ ಹೆಚ್ಚುತ್ತದೆ.

ನೀವು ನಾಲ್ಕನೇ ಹಾಡಿನಿಂದ ಶುರು ಮಾಡಿ, 'ಸಮ್‌ಟೈಮ್ಸ್ ಐ ಫೀಲ್ ಲೈಕ್ ಸ್ಕ್ರೀಮಿಂಗ್'. ಏಳು ನಿಮಿಷಕ್ಕೂ ಜಾಸ್ತಿ ಇದೆ. ಮೆಲ್ಲಗೆ ತಂತಿ ಮೀಟುತ್ತಾ ಶುರುವಾಗುತ್ತದೆ. ಇಯಾನ್ ಗಿಲನ್ ಕೂಗದೆ ಹಾಡುತ್ತಾರೆ. ಆಮೇಲೆ ಗಿಟಾರ್ ಮೇಲಕ್ಕೆ ಏಳುತ್ತದೆ ನೋಡಿ, ಅಲ್ಲಿ ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ.

ಹುಬ್ಬಳ್ಳಿಯಿಂದ

ನಾನು ಗಿಟಾರ್ ನುಡಿಸುತ್ತೇನೆ, ಹಾಗಾಗಿ ನನ್ನ ದಾರಿ ಕೈಯಿಂದಲೇ ಶುರುವಾಯಿತು. ಮೊದಲ ಹಾಡು 'ವವೂಮ್: ಟೆಡ್ ದ ಮೆಕ್ಯಾನಿಕ್' ಇದೆಯಲ್ಲ, ಅದರ ರಿಫ್ (ಮರಳಿ ಮರಳಿ ಬರುವ ಗಿಟಾರ್ ತುಣುಕು) ನಡುವೆ ಶಿಳ್ಳೆಯಂತೆ ಕಿರ್ ಎನ್ನುವ ಸ್ವರಗಳು ಬರುತ್ತವೆ. ಅವು ಪಿಂಚ್ ಹಾರ್ಮೋನಿಕ್. ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ತಂತಿಗೆ ತಾಗಿದ ಕ್ಷಣದಲ್ಲೇ ಹೆಬ್ಬೆರಳಿನ ಅಂಚೂ ತಂತಿಯನ್ನು ಸವರಬೇಕು. ಆಗ ಕೆಳಗಿನ ಸ್ವರ ಅಡಗಿ ಮೇಲಿನದು ಮಾತ್ರ ಕೇಳುತ್ತದೆ. ಕೈ ಒಂದು ಕೂದಲೆಳೆ ಸರಿದರೂ ಬೇರೆ ಸ್ವರ ಬರುತ್ತದೆ. ಎಷ್ಟೋ ಗಿಟಾರಿಸ್ಟ್‌ಗಳು ಇದನ್ನು ಸೋಲೋದಲ್ಲಿ ಎಲ್ಲೋ ಒಂದು ಕಡೆ ಹೊಡೆಯುತ್ತಾರೆ. ಮೋರ್ಸ್ ಅದರಿಂದ ರಿಫ್ಫನ್ನೇ ಹೆಣೆದಿದ್ದಾರೆ. ಎರಡು ತಿಂಗಳು ಅಭ್ಯಾಸ ಮಾಡಿದರೂ ನನಗೆ ಅರ್ಧ ಬಂತು, ಅಷ್ಟೇ.

ರಿಚಿ ಸ್ವರವನ್ನು ತಡೆದು, ಎಳೆದು, ಇದ್ದಕ್ಕಿದ್ದಂತೆ ಬಿಡುತ್ತಾರೆ. ಮುಂದೆ ಏನು ಬರುತ್ತದೋ ಅಂತ ಹೆದರಿಕೆಯಾಗುತ್ತದೆ. ಮೋರ್ಸ್ ಪಿಕ್ಕನ್ನು ಮೇಲೆ ಕೆಳಗೆ, ಮೇಲೆ ಕೆಳಗೆ ಆಡಿಸುತ್ತಾ ಒಂದೊಂದು ಸ್ವರವನ್ನೂ ಬಿಡಿಸಿ ಮೀಟುತ್ತಾರೆ. ಹೂವಿನ ಮಾಲೆಯಲ್ಲಿ ಪ್ರತಿ ಹೂವೂ ಎಣಿಸಿದ ಹಾಗೆ. ನನ್ನ ಕೈ ಈ ವ್ಯತ್ಯಾಸ ತಿಳಿದುಕೊಂಡ ಮೇಲೆ ಇಬ್ಬರನ್ನೂ ಹೋಲಿಸುವುದು ತಾನಾಗಿ ನಿಂತಿತು. ನೀವು ನುಡಿಸುವವರಾದರೆ ಆ ಮೊದಲ ರಿಫ್ ಹಿಡಿಯಲು ಒಮ್ಮೆ ಪ್ರಯತ್ನಿಸಿ. ನುಡಿಸುವವರಲ್ಲದಿದ್ದರೆ 'ದಿ ಏವಿಯೇಟರ್' ಕೇಳಿ. ಅಕೂಸ್ಟಿಕ್ ಗಿಟಾರ್, ಜಾನಪದದ ಧಾಟಿ. ಅಲ್ಲಿ ಹೋಲಿಸಲು ನಿಮಗೆ ಹಳೆಯ ಹಾಡೇ ನೆನಪಿಗೆ ಬರುವುದಿಲ್ಲ.

ಕುಂದಾಪುರದಿಂದ

ನಮ್ಮ ಕಡೆ ಮೇಳದಲ್ಲಿ ಭಾಗವತರು ಬದಲಾದ ವರ್ಷ ಇದೇ ಮಾತು ಕೇಳುತ್ತೇವೆ. "ಆಟ ಅದೇ, ಆದರೆ ಏನೋ ಇಲ್ಲ" ಅಂತ. ಪದ್ಯ ಎತ್ತುವ ರೀತಿ ಬದಲಾದರೆ ಚಂಡೆಯ ಪೆಟ್ಟು ಬದಲಾಗುತ್ತದೆ, ವೇಷಧಾರಿಯ ಹೆಜ್ಜೆಯೂ ಬದಲಾಗುತ್ತದೆ. ಮೊದಲ ಎರಡು ಆಟ ನೋಡಿ ತೀರ್ಮಾನ ಮಾಡಬಾರದು ಅಂತ ನನ್ನ ಅಪ್ಪ ಹೇಳುತ್ತಿದ್ದರು. ಈ ಆಲ್ಬಮ್‌ನಲ್ಲಿ ನಾನು ಹಿಡಿದುಕೊಂಡಿದ್ದು ಇಯಾನ್ ಪೇಸ್ ಅವರ ಡ್ರಮ್ಸ್. 1968ರಿಂದ ತಂಡದ ಪ್ರತಿ ಆಲ್ಬಮ್‌ನಲ್ಲೂ ಇರುವವರು ಅವರೊಬ್ಬರೇ. ಹಿಂದೆ ಯಾರೇ ಬಂದರೂ ಹೋದರೂ ಆ ಕೈ ಇದೆಯಲ್ಲ ಅನ್ನುವ ಧೈರ್ಯದ ಮೇಲೆ ನಾನು ಹೊಸ ಗಿಟಾರ್ ಕೇಳಲು ಕಲಿತೆ.

ಮುಂಬೈಯಿಂದ

ಮೇಲಿನ ಮೂವರೂ ಬೇಜಾರು ಮಾಡಿಕೊಳ್ಳಬೇಡಿ. ನನಗೆ ಇವತ್ತಿಗೂ 'ಪರ್ಪೆಂಡಿಕ್ಯುಲರ್' ಒಲಿದಿಲ್ಲ. ಮೋರ್ಸ್ ಅವರನ್ನು ನಾನು ಕಣ್ಣಾರೆ ನೋಡಿದವನು. 1995ರ ಏಪ್ರಿಲ್‌ನಲ್ಲಿ ತಂಡ ಇಲ್ಲಿಗೆ ಬಂದಿತ್ತು, ಅಂಧೇರಿ ಕ್ರೀಡಾಂಗಣಕ್ಕೆ. ಆಗ ಆಲ್ಬಮ್ ಇನ್ನೂ ಬಂದಿರಲಿಲ್ಲ. ಅವರು ತಂಡ ಸೇರಿ ಕೆಲವೇ ತಿಂಗಳು. ಆ ಕಾರ್ಯಕ್ರಮ ಆಮೇಲೆ 'ಬಾಂಬೆ ಕಾಲಿಂಗ್' ಅಂತ ವಿಡಿಯೋ ಆಗಿಯೂ ಬಂತು. ಹಳೆಯ ಹಾಡುಗಳನ್ನು ಅವರು ಎಷ್ಟು ಪ್ರೀತಿಯಿಂದ ನುಡಿಸಿದರು ಅಂದರೆ ನಾನು ಕುಣಿದಿದ್ದೇನೆ. ಆದರೂ ಆಲ್ಬಮ್ ನನಗೆ ಉದ್ದ ಅನಿಸುತ್ತದೆ. ಹನ್ನೆರಡು ಹಾಡು, ಒಂದು ಗಂಟೆಗೂ ಜಾಸ್ತಿ. ಕೊನೆಯ ಕಡೆ ಎರಡು ಮೂರು ಹಾಡು ಬಿಟ್ಟಿದ್ದರೆ ಏನೂ ನಷ್ಟವಾಗುತ್ತಿರಲಿಲ್ಲ.

ನಾನು ಹೇಳುವುದೇನೆಂದರೆ, ಗಿಟಾರಿಸ್ಟ್ ಬದಲಾದ ಡೀಪ್ ಪರ್ಪಲ್ ಬೇಕಾದರೆ 1975ಕ್ಕೆ ಹೋಗಿ. ರಿಚಿ ಮೊದಲ ಸಲ ತಂಡ ಬಿಟ್ಟಾಗ ಟಾಮಿ ಬೋಲಿನ್ ಎಂಬ ಹುಡುಗ ಬಂದ. ಅಮೆರಿಕದ ಅಯೋವಾದವನು, 23 ವರ್ಷ. ಡ್ರಮ್ಸ್ ವಾದಕ ಬಿಲ್ಲಿ ಕೋಬಮ್ ಅವರ 'ಸ್ಪೆಕ್ಟ್ರಮ್' ಆಲ್ಬಮ್‌ನಲ್ಲಿ ಅವನು ನುಡಿಸಿದ್ದನ್ನು ಕೇಳಿಯೇ, ಆಗ ತಂಡದ ಗಾಯಕರಾಗಿದ್ದ ಡೇವಿಡ್ ಕವರ್‌ಡೇಲ್ ಅವನನ್ನು ಹುಡುಕಿದ್ದು. ಮ್ಯೂನಿಕ್‌ನಲ್ಲಿ 'ಕಮ್ ಟೇಸ್ಟ್ ದ ಬ್ಯಾಂಡ್' ಮಾಡಿದರು. 'ಗೆಟ್ಟಿಂಗ್ ಟೈಟರ್' ಕೇಳಿ, ಕಾಲು ತಾನಾಗಿ ಕುಣಿಯುತ್ತದೆ. ಕೊನೆಯ 'ಯೂ ಕೀಪ್ ಆನ್ ಮೂವಿಂಗ್'ನಲ್ಲಿ ಕವರ್‌ಡೇಲ್ ಮತ್ತು ಆಗಿನ ಬೇಸ್ ವಾದಕ ಗ್ಲೆನ್ ಹ್ಯೂಸ್ ಇಬ್ಬರ ದನಿ ಸೇರುವ ಜಾಗ ಇದೆ, ಅದನ್ನು ರಾತ್ರಿ ಹೊತ್ತು ಕೇಳಬೇಕು.

ಆದರೆ ಆ ಹುಡುಗನಿಗೆ ಕಾಲ ಕೂಡಿಬರಲಿಲ್ಲ. ಆ ಡಿಸೆಂಬರ್‌ನಲ್ಲಿ ಜಪಾನಿಗೆ ಹೋದಾಗ ಅವನ ಕೈ ಸರಿಯಾಗಿ ಆಡುತ್ತಿರಲಿಲ್ಲ. ಆ ಕಾರ್ಯಕ್ರಮದ ಧ್ವನಿಮುದ್ರಣ ಕೇಳಿದರೆ ಸಂಕಟವಾಗುತ್ತದೆ. 1976ರ ಮಾರ್ಚ್‌ನಲ್ಲಿ ಲಿವರ್‌ಪೂಲ್ ಕಾರ್ಯಕ್ರಮದ ಬಳಿಕ ತಂಡ ಒಡೆಯಿತು. ಡಿಸೆಂಬರ್ 4ರಂದು ಮಯಾಮಿಯಲ್ಲಿ ಬೋಲಿನ್ ತೀರಿಕೊಂಡ, ಮಾದಕ ವಸ್ತುಗಳಿಂದ. 25 ವರ್ಷ ಕಣ್ರೀ. ಮೋರ್ಸ್ ಅವರಿಗೆ ಸಿಕ್ಕ ಸಮಯ ಇವನಿಗೆ ಸಿಗಲಿಲ್ಲ. ಅದಕ್ಕೇ ಈ ಒಂದೇ ಆಲ್ಬಮ್ಮನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಬೆಂಗಳೂರಿನಿಂದ, ಮತ್ತೆ

ಮುಂಬೈಯವರ ಮಾತು ಒಪ್ಪಿದೆ, 'ಕಮ್ ಟೇಸ್ಟ್ ದ ಬ್ಯಾಂಡ್' ನಾನು ಹೇಳಬೇಕಿತ್ತು. ಉದ್ದದ ಬಗ್ಗೆ ಮಾತ್ರ ಒಪ್ಪುವುದಿಲ್ಲ! ಇನ್ನೊಂದು ಹೇಳಿಬಿಡುತ್ತೇನೆ. ಮೋರ್ಸ್ 2022ರವರೆಗೂ ಇದ್ದರು, ರಿಚಿಗಿಂತ ಜಾಸ್ತಿ ವರ್ಷ. ಹೆಂಡತಿಗೆ ಕ್ಯಾನ್ಸರ್ ಆದಾಗ ಅವರ ಜೊತೆ ಇರಬೇಕೆಂದು ತಂಡ ಬಿಟ್ಟರು. ಈಗ ಬೆಲ್‌ಫಾಸ್ಟ್‌ನ ಸೈಮನ್ ಮೆಕ್‌ಬ್ರೈಡ್ ಇದ್ದಾರೆ, 2024ರಲ್ಲಿ ಅವರ ಜೊತೆಗಿನ ಮೊದಲ ಆಲ್ಬಮ್ ಬಂತು. ಅದನ್ನು ಹಾಕಿದ ದಿನ ನಾನು "ಇಲ್ಲಿ ಮೋರ್ಸ್ ಇದ್ದಿದ್ದರೆ" ಅಂದುಕೊಂಡೆ!

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ನಾಲ್ಕನೇ ಹಾಡನ್ನು ಬರೀ ಆರ್ಗನ್‌ಗಾಗಿ ಕೇಳಿದೆ. ಆಮೇಲೆ ಬರೀ ಡ್ರಮ್ಸ್‌ಗಾಗಿ. ಮೂರನೇ ಸಲ ಸೋಲೋ ಬಂದಾಗ ರಿಚಿ ನೆನಪಾಗಿದ್ದು ಅದು ಮುಗಿದ ಮೇಲೆ. 'ಕ್ಯಾಸ್ಕೇಡ್ಸ್' ಇನ್ನೂ ಹಿಡಿಸಿಲ್ಲ, ಬಿಡುವುದಿಲ್ಲ. ಬೋಲಿನ್ ಆಲ್ಬಮ್ ಈ ವಾರ ಕೇಳುತ್ತೇನೆ.

ಬೆಳಿಗ್ಗೆ ಮಾವನಿಗೆ ಫೋನ್ ಮಾಡಿ ಆ ಹಾಡನ್ನು ಕೇಳಿಸಿದೆ. ಗಿಟಾರ್ ಬಗ್ಗೆ ಏನೂ ಹೇಳಲಿಲ್ಲ. "ಆರ್ಗನ್ನು ಜಾನ್ ಲಾರ್ಡೇ ಅಲ್ವಾ?" ಅಂದರು. ಭಾನುವಾರ ಊಟಕ್ಕೆ ಕರೆದಿದ್ದಾರೆ, ಒಳ್ಳೆಯ ಸ್ಪೀಕರ್ ತೆಗೆದುಕೊಂಡು ಬರಬೇಕಂತೆ.